ಜೋತುಬಿದ್ದ ಪೈಪು ಮತ್ತು ಕಟ್ಟಡದೊಳಗಿನ ಪ್ಲಾಸ್ಟಿಕ್‌ಗಳು

ಕಳೆದ ಬೇಸಿಗೆಯಲ್ಲಿ ನಾನು ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಕಟ್ಟಡವೊಂದರ ತಾರಸಿಯ ಮೇಲೆ, ಸೌರ ಹೀಟರಿನ ಟ್ಯಾಂಕಿನಿಂದ ಇಳಿಯುವ ಬಿಸಿನೀರಿನ ಪೈಪು ಎರಡು ಕ್ಲ್ಯಾಂಪುಗಳ ನಡುವೆ ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿದ್ದಿತ್ತು. ಎಲ್ಲೂ ಒಡೆದಿರಲಿಲ್ಲ, ಸೋರುತ್ತಿರಲಿಲ್ಲ. ಮುಟ್ಟಿ ನೋಡಿದರೆ ಮಾತ್ರ ಬಿಸಿಯಾಗಿ, ಬೆರಳಿಗೆ ತುಸು ಬಗ್ಗುವಷ್ಟು ಮೆತ್ತಗಾಗಿತ್ತು. ಹಿಂದೊಮ್ಮೆ ರಿಪೇರಿ ಮಾಡುವಾಗ ಮೂಲ ಪೈಪನ್ನು ಮೂರಡಿಯಷ್ಟು ಕತ್ತರಿಸಿ, ಕೈಗೆ ಸಿಕ್ಕ ಬೇರೊಂದು ತುಂಡನ್ನು ಸೇರಿಸಿ, ಮೇಲೆ ಗೋಡೆಯ ಬಣ್ಣವನ್ನೇ ಬಳಿದಿದ್ದರು. ಸೇರಿಸಿದವನನ್ನು ಕರೆದು ಕೇಳಿದಾಗ ಅವನು ಕೊಟ್ಟ ಉತ್ತರ ಇಷ್ಟೇ: ‘ಎಲ್ಲಾ ಪ್ಲಾಸ್ಟಿಕ್ಕೇ ಅಲ್ವಾ ಸಾರ್? ಥ್ರೆಡ್ ಸರಿಯಾಗಿ ಕೂತಿತು, ಹಾಕಿದೆ.’

ಅವನನ್ನು ಬೈಯುವುದಕ್ಕೆ ನನಗೆ ಬಾಯಿ ಬರಲಿಲ್ಲ. ಕಬ್ಬಿಣ, ತಾಮ್ರ, ಹಿತ್ತಾಳೆಗಳನ್ನು ‘ಎಲ್ಲಾ ಲೋಹವೇ’ ಎಂದು ಯಾರೂ ಒಂದರ ಬದಲಿಗೆ ಇನ್ನೊಂದನ್ನು ಹಾಕುವುದಿಲ್ಲ. ಆದರೆ ಪ್ಲಾಸ್ಟಿಕ್ಕಿನ ವಿಷಯ ಬಂದಾಗ ಓದಿದವರೂ ಆ ತಪ್ಪನ್ನು ಮಾಡುತ್ತಾರೆ. ಕಟ್ಟಡದಲ್ಲಿ ಬಳಸುವ ಪ್ಲಾಸ್ಟಿಕ್‌ಗಳು ಒಂದೇ ಕುಲದವಲ್ಲ. ಒಂದು ತಡೆಯುವ ಬಿಸಿಯನ್ನು ಇನ್ನೊಂದು ತಡೆಯದು, ಒಂದಕ್ಕೆ ಹತ್ತುವ ಅಂಟು ಇನ್ನೊಂದಕ್ಕೆ ಹತ್ತದು, ಒಂದು ಬಿಸಿಲಿನಲ್ಲಿ ದಶಕಗಳ ಕಾಲ ನಿಂತರೆ ಇನ್ನೊಂದು ಕೆಲವೇ ತಿಂಗಳುಗಳಲ್ಲಿ ಪುಡಿಯಾಗುತ್ತದೆ. ಆ ಪೈಪಿನ ನೆಪದಲ್ಲಿ, ಕೆಲಸದಲ್ಲಿ ಪದೇ ಪದೇ ಎದುರಾಗುವ ಪ್ಲಾಸ್ಟಿಕ್‌ಗಳ ಬಗ್ಗೆ ನನಗೆ ತಿಳಿದದ್ದನ್ನು ಬರೆದಿಡುತ್ತಿದ್ದೇನೆ.

ಮೊದಲು ಒಂದು ದೊಡ್ಡ ಭೇದವನ್ನು ಗಮನದಲ್ಲಿಟ್ಟುಕೊಳ್ಳಬೇಕು. ಕಾಯಿಸಿದಾಗ ಮೆತ್ತಗಾಗಿ, ತಣಿದಾಗ ಮತ್ತೆ ಗಟ್ಟಿಯಾಗುವ ಪ್ಲಾಸ್ಟಿಕ್‌ಗಳನ್ನು ಥರ್ಮೋಪ್ಲಾಸ್ಟಿಕ್ ಎನ್ನುತ್ತಾರೆ. ಪಿವಿಸಿ (ಪಾಲಿವಿನೈಲ್ ಕ್ಲೋರೈಡ್), ಪಾಲಿಥೀನ್, ಪಾಲಿಕಾರ್ಬೊನೇಟ್ ಇವೆಲ್ಲ ಆ ಗುಂಪಿನವು. ಒಮ್ಮೆ ಗಟ್ಟಿಯಾದ ಮೇಲೆ ಎಷ್ಟು ಕಾಯಿಸಿದರೂ ಕರಗದೆ ಕೊನೆಗೆ ಕರಕಲಾಗುವವು ಥರ್ಮೋಸೆಟ್. ಎಪಾಕ್ಸಿ, ಬೇಕಲೈಟ್, ಪ್ಲೈವುಡ್ಡಿನ ಪದರಗಳನ್ನು ಹಿಡಿದಿಡುವ ಫೀನಾಲ್ ಅಂಟು ಈ ಗುಂಪಿಗೆ ಸೇರುತ್ತವೆ. ಮೊದಲನೆಯದು ಬೆಲ್ಲದ ಪಾಕ, ಎರಡನೆಯದು ಬೆಂದ ಮೊಟ್ಟೆ ಎಂದುಕೊಂಡರೆ ಮರೆಯುವುದಿಲ್ಲ.

ಕಟ್ಟಡದ ಮಟ್ಟಿಗೆ ಯಜಮಾನಿಕೆ ಪಿವಿಸಿಯದ್ದು. ನೀರಿನ ಮತ್ತು ಒಳಚರಂಡಿಯ ಪೈಪು, ವಿದ್ಯುತ್ ತಂತಿಯ ಹೊದಿಕೆ, ತಂತಿ ಹಾಯುವ ಕೊಳವೆ, ಕಿಟಕಿಯ ಚೌಕಟ್ಟು, ನೆಲದ ಹಾಸು, ಒಳಚಾವಣಿಯ ಪಟ್ಟಿ ಹೀಗೆ ಅದು ಇಲ್ಲದ ಮೂಲೆಯೇ ಇಲ್ಲ. ಜಗತ್ತಿನಲ್ಲಿ ತಯಾರಾಗುವ ಪಿವಿಸಿಯ ಬಹುಪಾಲು ಕಟ್ಟಡ ಕೆಲಸಕ್ಕೇ ಹೋಗುತ್ತದೆ. ಜರ್ಮನಿಯ ರಸಾಯನವಿಜ್ಞಾನಿ ಯೂಜೆನ್ ಬೌಮನ್ 1872ರಲ್ಲಿ ಬಿಸಿಲಿಗಿಟ್ಟ ಗಾಜಿನ ನಳಿಕೆಯೊಳಗೆ ಬಿಳಿಯ ಗಟ್ಟಿ ಪದಾರ್ಥವಾಗಿ ಇದನ್ನು ಕಂಡಿದ್ದರೂ, ಅದು ಬಿರುಸಾಗಿದ್ದು ಕಾಯಿಸಿದರೆ ಕೆಡುತ್ತಿದ್ದುದರಿಂದ ಯಾರ ಉಪಯೋಗಕ್ಕೂ ಬರಲಿಲ್ಲ. ಅಮೆರಿಕದ ವಾಲ್ಡೊ ಸೆಮನ್ 1926ರಲ್ಲಿ ಅದಕ್ಕೆ ಮೆದುಕಾರಕಗಳನ್ನು ಬೆರೆಸಿ ರಬ್ಬರಿನಂತೆ ಬಳುಕುವ ವಸ್ತುವನ್ನು ಮಾಡಿದ ಮೇಲೆಯೇ ಅದರ ಭಾಗ್ಯ ತೆರೆದದ್ದು. ತಂತಿಯ ಮೇಲಿನ ಬಳುಕುವ ಹೊದಿಕೆ ಆ ಜಾತಿಯದ್ದು. ಮೆದುಕಾರಕ ಬೆರೆಸದೆ ಗಡುಸಾಗಿಯೇ ಉಳಿಸಿಕೊಂಡದ್ದು ಯುಪಿವಿಸಿ. ಪೈಪು, ಕಿಟಕಿಗಳಿಗೆ ಬಳಸುವುದು ಇದನ್ನೇ.

ಪಿವಿಸಿಯ ತೂಕದಲ್ಲಿ ಶೇಕಡ 57ರಷ್ಟು ಕ್ಲೋರಿನ್ ಇರುತ್ತದೆ. ಅಂದರೆ ಅರ್ಧಕ್ಕಿಂತ ಹೆಚ್ಚು ಪಾಲು ಉಪ್ಪಿನಿಂದ ಬಂದದ್ದು, ಪೆಟ್ರೋಲಿಯಮ್ಮಿನಿಂದ ಅಲ್ಲ. ಅದರ ಒಳಿತು ಕೆಡುಕುಗಳೆರಡಕ್ಕೂ ಈ ಕ್ಲೋರಿನ್ನೇ ಮೂಲ. ಬೆಂಕಿ ತಗುಲಿದರೂ ಜ್ವಾಲೆಯನ್ನು ದೂರ ಸರಿಸಿದ ಕೂಡಲೇ ಅದು ತಾನಾಗಿ ಆರುವುದು ಇದರಿಂದ. ಉರಿಯುವಾಗ ಕಣ್ಣು ಗಂಟಲುಗಳನ್ನು ಸುಡುವ ಹೈಡ್ರೋಜನ್ ಕ್ಲೋರೈಡ್ ಹೊಗೆ ಏಳುವುದೂ ಇದರಿಂದಲೇ. ತಯಾರಿಸುವಾಗಿನ ಬಿಸಿಗೆ ಈ ಕ್ಲೋರಿನ್ ಬಿಟ್ಟುಹೋಗದಂತೆ ತಡೆಯಲು ಸ್ಥಿರಕಾರಕಗಳನ್ನು ಬೆರೆಸಲೇಬೇಕು. ಹಿಂದೆ ಆ ಕೆಲಸಕ್ಕೆ ಸೀಸದ ಲವಣಗಳನ್ನು ಧಾರಾಳವಾಗಿ ಬಳಸುತ್ತಿದ್ದರು. ಈಗ ಕ್ಯಾಲ್ಸಿಯಂ–ಸತು ಅಥವಾ ತವರದ ಸಂಯುಕ್ತಗಳು ಆ ಜಾಗಕ್ಕೆ ಬಂದಿವೆ. ಕುಡಿಯುವ ನೀರಿನ ಪೈಪನ್ನು ಕೊಳ್ಳುವಾಗ ‘ಸೀಸರಹಿತ’ ಎಂಬ ಗುರುತನ್ನು ಹುಡುಕಬೇಕಾದದ್ದು ಇದೇ ಕಾರಣಕ್ಕೆ.

ಪಿವಿಸಿಯ ದೊಡ್ಡ ದೌರ್ಬಲ್ಯ ಬಿಸಿ. ಸುಮಾರು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಗಡುಸುತನವನ್ನು ಪೂರ್ತಿ ಬಿಟ್ಟುಕೊಡುತ್ತದೆ. ಆದರೆ ಅಲ್ಲಿಯವರೆಗೆ ಅದು ಗಟ್ಟಿಯಾಗಿಯೇ ಇರುತ್ತದೆ ಎಂದುಕೊಳ್ಳುವುದು ತಪ್ಪು. 23 ಡಿಗ್ರಿಯಲ್ಲಿ ಅದು ತಾಳುವ ನೀರಿನ ಒತ್ತಡದ ಐದನೇ ಒಂದು ಪಾಲನ್ನಷ್ಟೇ 60 ಡಿಗ್ರಿಯಲ್ಲಿ ಅದು ತಾಳಬಲ್ಲದು ಎಂದು ಲೆಕ್ಕ ಹಿಡಿಯುತ್ತಾರೆ, ಅದರಾಚೆ ಬಳಸಲೇಬಾರದು ಎನ್ನುತ್ತಾರೆ. ಅದೇ ಪಿವಿಸಿಗೆ ಇನ್ನಷ್ಟು ಕ್ಲೋರಿನ್ ಸೇರಿಸಿ, ಅದರ ಪ್ರಮಾಣವನ್ನು ಶೇಕಡ 63ರಿಂದ 69ರವರೆಗೆ ಏರಿಸಿದರೆ ಸಿಗುವುದು ಸಿಪಿವಿಸಿ. ಇದು 90 ಡಿಗ್ರಿಯ ಆಸುಪಾಸಿನವರೆಗೂ ಆಕಾರ ಬಿಡದೆ ನಿಲ್ಲುತ್ತದೆ. ತಾರಸಿಯ ಮೇಲಿನ ಬಿಸಿನೀರಿನ ಸಾಲು ಸಿಪಿವಿಸಿಯದ್ದು. ನಡುವೆ ಬಂದು ಕೂತ ಮೂರಡಿ ತುಂಡು ಪಿವಿಸಿಯದ್ದು ಎಂಬುದು ನನ್ನ ಊಹೆ. ಊಹೆಯನ್ನು ಖಚಿತಪಡಿಸಿಕೊಂಡ ಬಗೆಯನ್ನು ಮುಂದೆ ಹೇಳುತ್ತೇನೆ.

ಪಿವಿಸಿ ಜೋಡಿಸುವ ಕೆಲಸವನ್ನು ಹತ್ತಿರ ಕೂತು ನೋಡಿದವರಿಗೆ ಆ ಪ್ಲಾಸ್ಟಿಕ್ಕಿನ ಸ್ವಭಾವ ಅರ್ಥವಾಗುತ್ತದೆ. ಅಂಟು ಎಂದು ನಾವು ಕರೆಯುವ ಸಾಲ್ವೆಂಟ್ ಸಿಮೆಂಟ್ ನಿಜಕ್ಕೂ ಅಂಟಲ್ಲ, ಪಿವಿಸಿಯನ್ನೇ ಕರಗಿಸುವ ದ್ರಾವಕ. ಪೈಪನ್ನು ನೇರವಾಗಿ ಕತ್ತರಿಸಿ, ಅಂಚಿನ ಸಿಬುರನ್ನು ಕೆರೆದು ತೆಗೆದು, ಒಣಗಿದ್ದಾಗಲೇ ಎಲ್ಬೋ (ಪೈಪನ್ನು ತಿರುಗಿಸುವ ಮೂಲೆಯ ತುಂಡು) ಒಳಗೆ ತೂರಿಸಿ ನೋಡಿದರೆ ಅದು ಪೂರ್ತಿ ಒಳಗೆ ಹೋಗದೆ ನಡುವೆಯೇ ಸಿಕ್ಕಿಕೊಳ್ಳಬೇಕು, ಏಕೆಂದರೆ ಫಿಟಿಂಗಿನ ಬಾಯಿ ಒಳಹೋದಂತೆ ಕಿರಿದಾಗುತ್ತದೆ. ದ್ರಾವಕ ಬಳಿದ ಮೇಲೆ ಎರಡೂ ಮೈಗಳು ಮೆತ್ತಗಾಗಿ, ಕಾಲು ಸುತ್ತು ತಿರುಗಿಸುತ್ತಾ ಒತ್ತಿದಾಗ ತಳದವರೆಗೂ ಜಾರುತ್ತದೆ. ಅನುಭವವಿಲ್ಲದವರು ಇಲ್ಲಿಯೇ ಕೈ ಬಿಡುತ್ತಾರೆ. ಆ ಕಿರಿದಾದ ಬಾಯಿ ಪೈಪನ್ನು ನಿಧಾನವಾಗಿ ಹಿಂದಕ್ಕೆ ತಳ್ಳುತ್ತದೆ, ಬಿಟ್ಟ ಕೈ ತಿರುಗುವಷ್ಟರಲ್ಲಿ ಜೋಡಣೆ ಅರ್ಧ ಬೆರಳು ಹೊರಬಂದಿರುತ್ತದೆ. ಮೂವತ್ತು ಸೆಕೆಂಡು ಅದುಮಿ ಹಿಡಿದರೆ ಎರಡು ತುಂಡುಗಳು ಬೆರೆತು ಒಂದೇ ತುಂಡಾಗುತ್ತವೆ. ಆಮೇಲೆ ಅದನ್ನು ಬಿಡಿಸುವ ದಾರಿ ಗರಗಸ ಒಂದೇ. ಜೋಡಣೆಯ ಸುತ್ತ ತೆಳುವಾದ ಒಂದು ಬಳೆ ಉಬ್ಬಿ ನಿಂತಿದ್ದರೆ ಕೆಲಸ ಸರಿಯಾಗಿದೆ ಎಂದು ನಾನು ಒಪ್ಪುತ್ತೇನೆ. ಬಳೆಯೇ ಕಾಣದಿದ್ದರೆ ದ್ರಾವಕ ಸಾಲದು. ಹನಿ ಹನಿಯಾಗಿ ಇಳಿದಿದ್ದರೆ ಒಳಗೂ ಮಡುಗಟ್ಟಿ ಪೈಪಿನ ಗೋಡೆಯನ್ನು ತಿನ್ನುತ್ತಿರುತ್ತದೆ.

ಇದೇ ದ್ರಾವಕವನ್ನು ಕರಿಯ ಎಚ್‌ಡಿಪಿಇ (ಹೆಚ್ಚು ಸಾಂದ್ರತೆಯ ಪಾಲಿಥೀನ್) ಪೈಪಿನ ಮೇಲೆ ಬಳಿದರೆ ಕೆಸವಿನೆಲೆಯ ಮೇಲೆ ನೀರು ಸುರಿದಂತೆ. ಪಾಲಿಥೀನ್ ಮೇಣದಂಥ ವಸ್ತು, ಅದಕ್ಕೆ ಯಾವ ಅಂಟೂ ಸುಲಭಕ್ಕೆ ಹತ್ತದು. ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ 1933ರಲ್ಲಿ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಅನಿರೀಕ್ಷಿತವಾಗಿ ಕಂಡದ್ದೂ ಪಾತ್ರೆಯ ತಳದಲ್ಲಿ ಉಳಿದ ಬಿಳಿಯ ಮೇಣವನ್ನೇ. ಕಾರ್ಲ್ ಝೀಗ್ಲರ್ 1953ರಲ್ಲಿ ಕಂಡುಹಿಡಿದ ವಿಧಾನದಿಂದ ಅದರ ಹೆಚ್ಚು ಸಾಂದ್ರವಾದ, ಗಟ್ಟಿಯಾದ ರೂಪ ಸಿಕ್ಕಿತು. ಎಚ್‌ಡಿಪಿಇಯನ್ನು ಕರಗಿಸಿಯೇ ಬೆಸೆಯಬೇಕು. ಎರಡು ತುದಿಗಳನ್ನು ಇನ್ನೂರು ಡಿಗ್ರಿಗೂ ಮೀರಿ ಕಾದ ತಟ್ಟೆಗೆ ಒತ್ತಿ, ತಟ್ಟೆಯನ್ನು ಸರಕ್ಕನೆ ತೆಗೆದು, ಎರಡನ್ನೂ ಒಂದಕ್ಕೊಂದು ಅದುಮಿದಾಗ ಜೋಡಣೆಯ ಸುತ್ತ ಎರಡು ಸುರುಳಿಯ ಬಳೆಗಳು ಹೊರಳಿ ನಿಲ್ಲುತ್ತವೆ. ಸರಿಯಾಗಿ ಬೆಸೆದ ಜಾಗ ಪೈಪಿನಷ್ಟೇ ಗಟ್ಟಿ. ಅದರ ಕರಿಯ ಬಣ್ಣವೂ ಅಂದಕ್ಕಾಗಿ ಬಂದದ್ದಲ್ಲ. ಶೇಕಡ ಎರಡರ ಆಸುಪಾಸಿನಲ್ಲಿ ಬೆರೆಸುವ ಇಂಗಾಲದ ಮಸಿ ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿ, ಒಳಗಿನ ಪ್ಲಾಸ್ಟಿಕ್ಕನ್ನು ಕಾಪಾಡುತ್ತದೆ. ಪೈಪಿನ ಮೇಲೆ ‘ಪಿಇ 100’ ಎಂದು ಅಚ್ಚಾಗಿರುವುದನ್ನು ನೋಡಿ ಅದು ನೂರು ವರ್ಷದ ಭರವಸೆ ಎಂದು ಒಬ್ಬರು ನನ್ನೊಡನೆ ವಾದಿಸಿದ್ದುಂಟು. 20 ಡಿಗ್ರಿಯಲ್ಲಿ 50 ವರ್ಷ ಸತತವಾಗಿ ಒತ್ತಡದಲ್ಲಿದ್ದ ಮೇಲೂ ಆ ಪ್ಲಾಸ್ಟಿಕ್ ಕನಿಷ್ಠ 10 ಮೆಗಾಪ್ಯಾಸ್ಕಲ್ ಸೆಳೆತವನ್ನು ತಾಳಬೇಕು ಎಂಬುದು ಆ ಅಂಕಿಯ ಅರ್ಥ.

ಪಾಲಿಥೀನ್‌ನ ಸರಪಳಿಗಳನ್ನು ಒಂದಕ್ಕೊಂದು ಹೆಣೆದರೆ ಪೆಕ್ಸ್ ಆಗುತ್ತದೆ. ಬಿಸಿನೀರಿಗೂ ಒಗ್ಗುವ, ಸುರುಳಿಯಾಗಿ ಸಿಗುವ, ಕಡಿಮೆ ಜೋಡಣೆಗಳಲ್ಲಿ ಕೆಲಸ ಮುಗಿಸುವ ಒಳ್ಳೆಯ ಪೈಪು ಅದು. ಆದರೆ ಬಿಸಿಲಿಗೆ ಬಿಟ್ಟರೆ ಕೆಡುತ್ತದೆ, ಅದರ ಜಾಗ ಗೋಡೆಯೊಳಗೆ. ಅದರ ದೂರದ ಬಂಧು ಪಾಲಿಪ್ರೊಪಿಲೀನ್‌ನಿಂದ ಮಾಡಿದ ಹಸಿರು ಪಿಪಿಆರ್ ಪೈಪನ್ನೂ ಕಾಯಿಸಿಯೇ ಬೆಸೆಯುತ್ತಾರೆ. 260 ಡಿಗ್ರಿಗೆ ಕಾದ ಅಚ್ಚಿನಲ್ಲಿ 20 ಮಿಲಿಮೀಟರ್ ಪೈಪಿಗೆ ಐದು ಸೆಕೆಂಡು ಸಾಕು. ಹತ್ತು ಸೆಕೆಂಡು ಹಿಡಿದರೆ ಗಟ್ಟಿಯಾದೀತು ಎಂದುಕೊಂಡವರ ಪೈಪಿನೊಳಗೆ ಕರಗಿದ ಪ್ಲಾಸ್ಟಿಕ್ ಉಬ್ಬಿ ನೀರಿನ ದಾರಿಯನ್ನೇ ಅಡ್ಡಗಟ್ಟಿರುತ್ತದೆ, ಅದು ಹೊರಗಿನಿಂದ ಕಾಣುವುದೂ ಇಲ್ಲ.

ಹೊಸ ಪ್ಲಾಸ್ಟಿಕ್ ಬಂದಾಗಲೆಲ್ಲ ನನಗೆ ಪಾಲಿಬ್ಯುಟಿಲೀನ್ ನೆನಪಾಗುತ್ತದೆ. 1970ರ ದಶಕದ ಕೊನೆಯಿಂದ 1990ರ ದಶಕದ ನಡುವಿನವರೆಗೆ ಅಮೆರಿಕದ ಲಕ್ಷಾಂತರ ಮನೆಗಳಿಗೆ ಈ ಬೂದು ಪೈಪನ್ನು ಹಾಕಿದರು. ನೀರನ್ನು ಶುದ್ಧಗೊಳಿಸಲು ಬೆರೆಸುವ ಕ್ಲೋರಿನ್ ಅದನ್ನೂ ಅದರ ಪ್ಲಾಸ್ಟಿಕ್ ಫಿಟಿಂಗುಗಳನ್ನೂ ಒಳಗಿನಿಂದ ಬಿರುಸಾಗಿಸಿ, ಗೋಡೆಗಳ ಹಿಂದೆ ಎಲ್ಲೆಂದರಲ್ಲಿ ಸೀಳುಬಿಟ್ಟಿತು. ವಿಷಯ ನ್ಯಾಯಾಲಯಗಳಿಗೆ ಹೋಗಿ, ಕೊನೆಗೆ ಅಲ್ಲಿ ಆ ಪೈಪಿನ ತಯಾರಿಕೆಯೇ ನಿಂತಿತು. ಪ್ರಯೋಗಾಲಯದ ಕೆಲವು ತಿಂಗಳುಗಳ ಪರೀಕ್ಷೆಗೂ ಗೋಡೆಯೊಳಗಿನ ಹದಿನೈದು ವರ್ಷಗಳಿಗೂ ಇರುವ ಅಂತರ ಅಷ್ಟು.

ಪೈಪಿನ ಮಾತು ಮುಗಿಸುವ ಮುನ್ನ ಹಿಗ್ಗುವಿಕೆಯ ಲೆಕ್ಕವೊಂದಿದೆ. 30 ಡಿಗ್ರಿಯಷ್ಟು ಬಿಸಿ ಏರಿದಾಗ ಹತ್ತು ಮೀಟರ್ ಉದ್ದದ ಉಕ್ಕಿನ ಪೈಪು ನಾಲ್ಕು ಮಿಲಿಮೀಟರಿಗಿಂತ ಕಡಿಮೆ ಹಿಗ್ಗಿದರೆ, ಪಿವಿಸಿ ಸುಮಾರು 18 ಮಿಲಿಮೀಟರ್, ಎಚ್‌ಡಿಪಿಇ 50 ಮಿಲಿಮೀಟರನ್ನೂ ಮೀರಿ ಹಿಗ್ಗುತ್ತದೆ. ಬಿಸಿಲಿಗೆ ತೆರೆದ ಗೋಡೆಯ ಮೇಲೆ ಪ್ಲಾಸ್ಟಿಕ್ ಪೈಪನ್ನು ಕ್ಲ್ಯಾಂಪಿನಿಂದ ಬಿಗಿಯಾಗಿ ಕಚ್ಚಿಸುವ ಅಭ್ಯಾಸ ನನಗೆ ಸಿಟ್ಟು ತರಿಸುವ ವಿಷಯಗಳಲ್ಲೊಂದು. ಪೈಪು ಜಾರಾಡುವಷ್ಟು ಸಡಿಲ ಇರಲೇಬೇಕು, ಇಲ್ಲದಿದ್ದರೆ ಅದು ಮಧ್ಯಾಹ್ನ ಹಾವಿನಂತೆ ಸೊಟ್ಟಗಾಗಿ, ರಾತ್ರಿ ಕುಗ್ಗುವಾಗ ಎಲ್ಬೋಗಳನ್ನು ಎಳೆಯುತ್ತದೆ.

ನಾವು ಥರ್ಮಾಕೋಲ್ ಎನ್ನುವ ಉಬ್ಬಿಸಿದ ಪಾಲಿಸ್ಟೈರೀನ್, ಅಂದರೆ ಇಪಿಎಸ್, ಗಾತ್ರದಲ್ಲಿ ಶೇಕಡ 98ರಷ್ಟು ಬರೀ ಗಾಳಿ. ಸಿಕ್ಕಿಬಿದ್ದ ಆ ಗಾಳಿಯೇ ಶಾಖವನ್ನು ತಡೆಯುವುದು. ಕಾಂಕ್ರೀಟಿಗಿಂತ ಹತ್ತಾರು ಪಟ್ಟು ಕಡಿಮೆ ಶಾಖ ಅದರ ಮೂಲಕ ಹರಿಯುತ್ತದೆ. ಇಷ್ಟು ಹಗುರವಾದದ್ದಕ್ಕೆ ಬಲವೆಲ್ಲಿಯದು ಎನ್ನುವವರಿಗೆ ನಾನು ನಾರ್ವೆಯ ಉದಾಹರಣೆ ಕೊಡುತ್ತೇನೆ. ಓಸ್ಲೋ ಬಳಿ ಮೆತ್ತನೆಯ ನೆಲದಲ್ಲಿ ಕುಸಿಯುತ್ತಲೇ ಇದ್ದ ಸೇತುವೆಯ ಬದಿಯ ರಸ್ತೆಯ ಏರಿಯಲ್ಲಿ 1972ರಲ್ಲಿ ಮಣ್ಣನ್ನು ತೆಗೆದು ಇಪಿಎಸ್ ದಿಮ್ಮಿಗಳನ್ನು ಜೋಡಿಸಿ, ಮೇಲೆ ರಸ್ತೆ ಹಾಸಿದರು. ತೂಕವೇ ಇಲ್ಲದ್ದರಿಂದ ಕುಸಿತ ಹಿಡಿತಕ್ಕೆ ಬಂತು. ಅಂಥ ದಿಮ್ಮಿಗಳ ಮೇಲೆ ಕಾಂಕ್ರೀಟ್ ಹಾಸೋ ತಡೆಹಾಳೆಯೋ ಇರಲೇಬೇಕು. ಪೆಟ್ರೋಲ್ ಚೆಲ್ಲಿದರೆ ಪಾಲಿಸ್ಟೈರೀನ್ ಕಣ್ಣೆದುರಿಗೇ ಕರಗಿ ಅಂಟಾಗುತ್ತದೆ.

ಪಾಲಿಯುರೆಥೇನ್ ನೊರೆ ಇಪಿಎಸ್‌ಗಿಂತಲೂ ಚೆನ್ನಾಗಿ ಶಾಖ ತಡೆಯುತ್ತದೆ, ಸಿಂಪಡಿಸಿದಲ್ಲೇ ಉಬ್ಬಿ ಸಂದುಗೊಂದುಗಳನ್ನು ತುಂಬುತ್ತದೆ. ಬಿಸಿಲು ಬಿದ್ದರೆ ಅದು ಕಂದಾಗಿ ಪುಡಿ ಉದುರುವುದರಿಂದ ಮೇಲೊಂದು ಲೇಪ ಕಡ್ಡಾಯ. ಇವೆರಡರಲ್ಲೂ ನನ್ನನ್ನು ಕಾಡುವುದು ಬೆಂಕಿ. ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ಬಹುಮಹಡಿ ವಸತಿ ಕಟ್ಟಡಕ್ಕೆ 2017ರ ಜೂನ್ 14ರಂದು ಬೆಂಕಿ ಬಿದ್ದು 72 ಜನ ಸತ್ತದ್ದಕ್ಕೆ ಮುಖ್ಯ ಕಾರಣ ಹೊರಗೋಡೆಗೆ ಹೊದಿಸಿದ್ದ ಹಾಳೆಗಳು. ಎರಡು ತೆಳು ಅಲ್ಯೂಮಿನಿಯಂ ತಗಡುಗಳ ನಡುವೆ ಪಾಲಿಥೀನ್ ತುಂಬಿದ ಆ ಹಾಳೆ ಹೊರಗಿನಿಂದ ಲೋಹದಂತೆ ಕಾಣುತ್ತದೆ, ಬೆಂಕಿಗೆ ಮಾತ್ರ ಮೇಣದಬತ್ತಿ. ನಡುವೆ ಖನಿಜ ತುಂಬಿದ ಹಾಳೆಯೂ ನೋಡಲು ಅದೇ ತೆರನಾಗಿರುತ್ತದೆ. ಕತ್ತರಿಸಿದ ಅಂಚನ್ನು ನೋಡದೆ, ದಾಖಲೆ ಕೇಳದೆ ಅಂಥ ಹಾಳೆಗೆ ನಾನು ಸಹಿ ಹಾಕುವುದಿಲ್ಲ.

ಅದೇ ಕರಗುವ ಗುಣ ಬೆಂಕಿಯಲ್ಲಿ ಜೀವ ಉಳಿಸುವುದೂ ಉಂಟು. ದಟ್ಟವಾದ ಕಾಂಕ್ರೀಟು ದಿಢೀರನೆ ಕಾದಾಗ ಒಳಗಿನ ತೇವ ಆವಿಯಾಗಿ ದಾರಿ ಸಿಗದೆ ಮೇಲ್ಪದರವನ್ನು ಸಿಡಿಸುತ್ತದೆ. ಇಂಗ್ಲಿಷ್ ಕಾಲುವೆಯ ಕೆಳಗಿನ ರೈಲು ಸುರಂಗದಲ್ಲಿ 1996ರಲ್ಲಿ ಬೆಂಕಿ ಬಿದ್ದಾಗ ಆದದ್ದು ಅದು. ಈಗ ಸುರಂಗಗಳ ಕಾಂಕ್ರೀಟಿಗೆ ಘನ ಮೀಟರಿಗೆ ಒಂದೆರಡು ಕಿಲೋ ಪಾಲಿಪ್ರೊಪಿಲೀನ್ ಎಳೆಗಳನ್ನು ಬೆರೆಸುವುದುಂಟು. ಕೂದಲಿನಷ್ಟು ಸಣ್ಣ ಆ ಎಳೆಗಳು ಸುಮಾರು 160 ಡಿಗ್ರಿಯಲ್ಲಿ ಕರಗಿ, ತಾವಿದ್ದ ಜಾಗವನ್ನು ಆವಿಯ ಹಾದಿಗೆ ಬಿಟ್ಟುಕೊಡುತ್ತವೆ.

ಬೆಳಕು ಬೇಕಾದ ಕಡೆ ಆಕ್ರಿಲಿಕ್ ಮತ್ತು ಪಾಲಿಕಾರ್ಬೊನೇಟ್ ಬರುತ್ತವೆ. ಆಕ್ರಿಲಿಕ್ ಶೇಕಡ 92ರಷ್ಟು ಬೆಳಕನ್ನು ಬಿಡುತ್ತದೆ, ಬಿಸಿಲಿಗೆ ಹಳದಿಯಾಗುವುದು ಬಹಳ ನಿಧಾನ; 1972ರ ಮ್ಯೂನಿಕ್ ಒಲಿಂಪಿಕ್ ಕ್ರೀಡಾಂಗಣದ ಡೇರೆಯಂಥ ಚಾವಣಿಗೆ ಹೊದಿಸಿದ್ದು ಅದನ್ನೇ. ಆದರೆ ಪೆಟ್ಟು ಬಿದ್ದರೆ ಒಡೆಯುತ್ತದೆ. ಪಾಲಿಕಾರ್ಬೊನೇಟನ್ನು ಸುತ್ತಿಗೆಯಿಂದ ಹೊಡೆದರೂ ಒಡೆಯುವುದು ಕಷ್ಟ, ತೂಕವೂ ಗಾಜಿನ ಅರ್ಧದಷ್ಟೇ. ಅದರ ಶತ್ರು ಬಿಸಿಲು. ಹಾಗಾಗಿ ಹಾಳೆಯ ಒಂದು ಮೈಗೆ ಮಾತ್ರ ನೇರಳಾತೀತ ಕಿರಣ ತಡೆಯುವ ತೆಳು ಪದರ ಕೊಟ್ಟಿರುತ್ತಾರೆ, ಯಾವ ಮೈ ಮೇಲೆ ಬರಬೇಕೆಂಬುದು ಅದನ್ನು ಮುಚ್ಚಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಅಚ್ಚಾಗಿರುತ್ತದೆ. ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ, ಕತ್ತರಿಸಲು ಅಡ್ಡಿಯಾಗುತ್ತದೆಂದು ನಾನೇ ಆ ಮುಚ್ಚುಹಾಳೆಗಳನ್ನೆಲ್ಲ ಮೊದಲೇ ಸುಲಿಸಿಬಿಟ್ಟಿದ್ದೆ. ಎರಡೂ ಮೈ ಒಂದೇ ತೆರನಾಗಿ ಹೊಳೆಯುತ್ತಿದ್ದವು. ನಾಲ್ಕನೆಯ ವರ್ಷಕ್ಕೆ ಆ ಚಾವಣಿಯಲ್ಲಿ ಕೆಲವು ಹಾಳೆಗಳು ಸ್ವಚ್ಛವಾಗಿಯೇ ಇದ್ದು, ಮಗ್ಗುಲಲ್ಲಿದ್ದವು ಹಳೆಯ ಕಾಗದದ ಬಣ್ಣಕ್ಕೆ ತಿರುಗಿದ್ದವು. ಯಾವುದನ್ನು ತಲೆಕೆಳಗಾಗಿ ಹಾಕಿದ್ದೆ ಎಂದು ಯಾರೂ ನನಗೆ ತೋರಿಸಿಕೊಡಬೇಕಾಗಿರಲಿಲ್ಲ.

ಥರ್ಮೋಸೆಟ್‌ಗಳಲ್ಲಿ ಎಪಾಕ್ಸಿಯನ್ನಷ್ಟೇ ಹೇಳಿ ಮುಗಿಸುತ್ತೇನೆ. ಎರಡು ಡಬ್ಬಿಗಳ ದ್ರವ ಬೆರೆತು ಗಟ್ಟಿಯಾಗುವ ಈ ರಾಳವನ್ನು ಬಿರುಕು ತುಂಬಲು, ನೆಲಕ್ಕೆ ಬಳಿಯಲು, ಕಾಂಕ್ರೀಟಿನ ರಂಧ್ರದಲ್ಲಿ ಬೋಲ್ಟನ್ನು ಹಿಡಿಸಲು ಬಳಸುತ್ತಾರೆ. ಬಾಸ್ಟನ್ ನಗರದ ರಸ್ತೆ ಸುರಂಗವೊಂದರಲ್ಲಿ 2006ರ ಜುಲೈ 10ರಂದು ಒಳಚಾವಣಿಯ ಭಾರಿ ಕಾಂಕ್ರೀಟ್ ಫಲಕಗಳು ಕಾರೊಂದರ ಮೇಲೆ ಬಿದ್ದು ಒಬ್ಬರು ಸತ್ತರು. ಬೋಲ್ಟುಗಳನ್ನು ಹಿಡಿದಿದ್ದ ಎಪಾಕ್ಸಿ ಬೇಗ ಗಟ್ಟಿಯಾಗುವ ಬಗೆಯದ್ದು. ಆ ಹೊತ್ತಿನ ಎಳೆತದ ಪರೀಕ್ಷೆಯಲ್ಲಿ ಅದು ತೇರ್ಗಡೆಯಾಗಿತ್ತು, ಆದರೆ ಸದಾ ತೂಗುವ ಭಾರಕ್ಕೆ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಜಾರುತ್ತಾ ಬಂದಿತ್ತು. ಹೀಗೆ ನಿಧಾನವಾಗಿ ಸರಿಯುವುದನ್ನು ಕ್ರೀಪ್ ಎನ್ನುತ್ತಾರೆ. ತಾರಸಿಯ ಮೇಲೆ ಜೋತುಬಿದ್ದ ಪೈಪಿಗೂ ಆದದ್ದು ಅದೇ; ಅಲ್ಲಿ ಬಿಸಿಯಿಂದಾಗಿ ವೇಗವಾಗಿ ನಡೆದಿತ್ತು, ಅಷ್ಟೆ.

ಆ ತುಂಡನ್ನು ಕತ್ತರಿಸಿ ಕೆಳಗೆ ತಂದೆ. ನೀರಿಗೆ ಹಾಕಿದರೆ ಮುಳುಗಿತು, ಎಂದರೆ ಪಾಲಿಥೀನೂ ಅಲ್ಲ, ಪಾಲಿಪ್ರೊಪಿಲೀನೂ ಅಲ್ಲ, ಅವೆರಡೂ ತೇಲುತ್ತವೆ. ಬಳಿಕ ಬಯಲಿಗೆ ಹೋಗಿ, ಗಾಳಿಗೆ ಬೆನ್ನು ಮಾಡಿ ನಿಂತು, ತಾಮ್ರದ ತಂತಿಯನ್ನು ಬರ್ನರಿನಲ್ಲಿ ಕೆಂಪಗೆ ಕಾಯಿಸಿ, ತುಂಡಿಗೆ ತಗುಲಿಸಿ ಮತ್ತೆ ಜ್ವಾಲೆಗೆ ಹಿಡಿದೆ. ಜ್ವಾಲೆ ಹಚ್ಚ ಹಸಿರಾಯಿತು. ಕ್ಲೋರಿನ್ ಇದೆಯೆಂದು ತೋರಿಸುವ ಈ ಪರೀಕ್ಷೆಯನ್ನು ಫ್ರೀಡ್ರಿಕ್ ಬೈಲ್‌ಸ್ಟೈನ್ ಪ್ರಕಟಿಸಿದ್ದೂ, ಬೌಮನ್‌ಗೆ ಪಿವಿಸಿ ಕಂಡ 1872ರಲ್ಲೇ. ಆದರೆ ಪಿವಿಸಿಗೂ ಸಿಪಿವಿಸಿಗೂ ಜ್ವಾಲೆ ಒಂದೇ ಹಸಿರು. ಅವೆರಡನ್ನು ಬೇರ್ಪಡಿಸುವುದು ಪೈಪಿನ ಮೈಮೇಲೆ ಅಚ್ಚಾಗಿರುವ ಸಾಲು ಮಾತ್ರ. ಅಲಗಿನಿಂದ ಬಣ್ಣವನ್ನು ಕೆರೆಯುತ್ತಾ ಬಂದೆ. ಮುಂಭಾಗದಲ್ಲಿ ಏನೂ ಇರಲಿಲ್ಲ. ‘ಯುಪಿವಿಸಿ’ ಎಂಬ ಅಕ್ಷರಗಳೂ ‘ತಣ್ಣೀರಿಗೆ ಮಾತ್ರ’ ಎಂಬ ಸೂಚನೆಯೂ ಗೋಡೆಯ ಕಡೆಗೆ ತಿರುಗಿದ್ದ, ಕುಂಚ ತಲುಪದ ಬೆನ್ನಿನ ಮೇಲೆ ಸ್ಪಷ್ಟವಾಗಿ ಉಳಿದಿದ್ದವು.